ಸಾಸಿವೆ ಕಾಳಿನಷ್ಟು ಚರೆ, ಸಾವಿರ ರೂಪಾಯಿ ತೋಟಾ

ಮಾರ್ಚ್ ಬಂತೆಂದರೆ ಅಮೆರಿಕದ ಬಂದೂಕಿನ ಅಂಗಡಿಗಳಲ್ಲಿ ಒಂದು ಕಪಾಟಿನ ಮುಂದೆ ಜನ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಅದು ಟರ್ಕಿ ಕೋಳಿ ಶಿಕಾರಿಯ ತೋಟಾಗಳ ಕಪಾಟು. ಒಂದು ಕಡೆ ಸೀಸದ ಚರೆ, ಅಂದರೆ ಕಾಳಿನಂಥ ಸಣ್ಣ ಗುಂಡುಗಳು, ತುಂಬಿದ ತೋಟಾ. ಹತ್ತರ ಬಾಕ್ಸಿಗೆ ಹೆಚ್ಚುಕಡಿಮೆ 20 ಡಾಲರ್. ಪಕ್ಕದಲ್ಲೇ ಟಂಗ್‌ಸ್ಟನ್ ಚರೆಯದು. ಬಾಕ್ಸಿನಲ್ಲಿ ಇರುವುದು ಐದೇ, ಬೆಲೆ 50-60 ಡಾಲರ್, ಕೆಲವು ಕಡೆ ಇನ್ನೂ ಜಾಸ್ತಿ. ಅಂದರೆ ಒಂದು ಸಲ ಟ್ರಿಗರ್ ಎಳೆದರೆ ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿ ಹೊಗೆಯಾಗಿ ಹೋಗುತ್ತದೆ.

ಯಾವುದನ್ನು ಕೊಳ್ಳಬೇಕು? ಮೇಲ್ನೋಟಕ್ಕೆ ಇದು ಜೇಬಿನ ಪ್ರಶ್ನೆ. ಆದರೆ ಈ ಎರಡು ಬಾಕ್ಸುಗಳ ನಡುವೆ ಹೈಸ್ಕೂಲಿನ ಭೌತಶಾಸ್ತ್ರ ಇದೆ, ಕಾನೂನು ಇದೆ, ಚೀನಾದ ರಫ್ತು ನೀತಿಯೂ ಇದೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಟಂಗ್‌ಸ್ಟನ್ ನಿಜಕ್ಕೂ ಒಳ್ಳೆಯ ಚರೆ. ಆದರೆ ಅದನ್ನು ದೂರ ಹೊಡೆಯುವ ಆಸೆಗೆ ಕೊಳ್ಳುವವರು ದುಡ್ಡು ಕೊಟ್ಟು ತಪ್ಪು ಮಾಡುತ್ತಿದ್ದಾರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಎನ್ನುವುದು ಅಜ್ಜಂದಿರ ಕಥೆಗಳಿಗೆ ಸೇರಿಹೋಯಿತು. ಅಮೆರಿಕದಲ್ಲಿ ಅದು ಲೈಸೆನ್ಸು, ಸೀಸನ್ನು, ತಲೆಗಿಷ್ಟು ಹಕ್ಕಿ ಎಂಬ ಲೆಕ್ಕದ ಮೇಲೆ ನಡೆಯುತ್ತದೆ. 1930ರ ದಶಕದ ಹೊತ್ತಿಗೆ ಅಲ್ಲಿ ಕಾಡು ಟರ್ಕಿಗಳು ಸುಮಾರು 2 ಲಕ್ಷಕ್ಕೆ ಇಳಿದಿದ್ದವು. ಇವತ್ತು ಹತ್ತಿರ ಹತ್ತಿರ 60 ಲಕ್ಷ ಇವೆ. ಇದ್ದ ಕಡೆಯಿಂದ ಬಲೆ ಹಾರಿಸಿ ಹಿಡಿದು, ಇಲ್ಲದ ಕಡೆ ತಂದು ಬಿಟ್ಟ ಕೆಲಸ ಅದು. ಅದಕ್ಕೆ ದುಡ್ಡು ಬಂದ ಒಂದು ದಾರಿ ಈ ತೋಟಾಗಳೇ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕಿನ ಮದ್ದುಗುಂಡಿನ ಮೇಲೆ ಶೇ. 11ರ ತೆರಿಗೆ ಇದೆ. ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಹೊಡೆಯುವವನ ದುಡ್ಡಿನಲ್ಲೇ ಹಕ್ಕಿ ಉಳಿದಿದೆ ಎನ್ನುವುದು ನಮಗೆ ವಿಚಿತ್ರ ಅನ್ನಿಸಬಹುದು. ಅಲ್ಲಿ ಅದೇ ಪದ್ಧತಿ.

ಈ ಶಿಕಾರಿ ನಡೆಯುವ ರೀತಿ ಗೊತ್ತಿಲ್ಲದೆ ತೋಟಾದ ಮಾತು ಅರ್ಥವಾಗುವುದಿಲ್ಲ. ವಸಂತದಲ್ಲಿ, ಬೆಳಕು ಹರಿಯುವ ಮುಂಚೆ, ಶಿಕಾರಿಯವನು ಒಂದು ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ. ಮೈಯೆಲ್ಲ ಎಲೆಬಣ್ಣದ ಬಟ್ಟೆ, ಮುಖಕ್ಕೂ ಬಲೆ. ಹೇಂಟೆಯ ಹಾಗೆ ಕೂಗು ಹಾಕಿ ಹುಂಜವನ್ನು ಹತ್ತಿರ ಕರೆಯುತ್ತಾನೆ. ಟರ್ಕಿಗೆ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ, ಕಣ್ಣು ಮಾತ್ರ ಭಾರೀ ಚುರುಕು. ರೆಪ್ಪೆ ಬಡಿದರೂ ಕಂಡೀತು ಎಂದು ಹಳಬರು ಹೇಳುತ್ತಾರೆ. ಹುಂಜ ಗರಿ ಬಿಚ್ಚಿ, ಎದೆ ಉಬ್ಬಿಸಿ, ಮರಗಳ ನಡುವೆ ಹೆಜ್ಜೆ ಹಾಕಿ ಬರುತ್ತದೆ. ಆಗ ಗುರಿ ಇಡುವುದು ಮೈಗಲ್ಲ. ಮೈ ತುಂಬ ದಪ್ಪ ಗರಿ, ಎದೆಯ ಮಾಂಸ, ಬಲವಾದ ಮೂಳೆ. ಅಲ್ಲಿ ಚರೆ ಬಿದ್ದರೆ ಹಕ್ಕಿ ಗಾಯಗೊಂಡು ಓಡಿ ಎಲ್ಲೋ ಸಾಯುತ್ತದೆ. ಗುರಿ ಇಡುವುದು ತಲೆ ಮತ್ತು ಕತ್ತಿಗೆ. ಮಗುವಿನ ಮುಷ್ಟಿಯಷ್ಟು ತಲೆ, ಅದರ ಕೆಳಗೆ ತೆಳ್ಳನೆ ಕತ್ತು. ಮಿದುಳಿಗೆ ಇಲ್ಲವೇ ಕತ್ತಿನ ಮೂಳೆಗೆ ಒಂದೆರಡು ಚರೆ ಸರಿಯಾಗಿ ಹೊಕ್ಕರೆ ಹಕ್ಕಿ ನಿಂತಲ್ಲೇ ಬೀಳುತ್ತದೆ.

ಅಂದರೆ ತೋಟಾದಿಂದ ಬೇಕಾದ್ದು ಎರಡು. ಚರೆಗಳು ಒತ್ತೊತ್ತಾಗಿ ಹೋಗಬೇಕು. ಹೋದದ್ದು ಮೂಳೆ ಒಡೆಯಬೇಕು. ಒತ್ತಾಗಿ ಹೋಗಬೇಕಾದರೆ ಚರೆ ಜಾಸ್ತಿ ಇರಬೇಕು, ಹಾಗಾಗಿ ಸಣ್ಣದಿರಬೇಕು. ಮೂಳೆ ಒಡೆಯಬೇಕಾದರೆ ದಪ್ಪಗಿರಬೇಕು. ಇಡೀ ತಕರಾರು ಇರುವುದು ಇಲ್ಲೇ.

ಚರೆಯ ನಂಬರುಗಳು ಮೊದಲ ಸಲ ನೋಡುವವರಿಗೆ ತಲೆಕೆಳಗು. ನಂಬರು ದೊಡ್ಡದಾದಷ್ಟೂ ಚರೆ ಸಣ್ಣದು. ಮಲೆನಾಡಿನಲ್ಲೋ ಕೊಡಗಿನಲ್ಲೋ ತೋಟೆಕೋವಿ ಕಂಡವರಿಗೆ ಇದು ಹೊಸದಲ್ಲ. ಎಲ್‌ಜಿ, ಎಸ್‌ಜಿ, ಬಿಬಿ, ನಾಲ್ಕು, ಆರು ಎಂದು ಅಲ್ಲೂ ಹೆಸರು ಹಿಡಿದು ಕೇಳುತ್ತಾರೆ. ಅಮೆರಿಕದ ನಂಬರಿಗೆ ಒಂದು ಸುಲಭ ಲೆಕ್ಕ ಇದೆ. 17ರಿಂದ ನಂಬರು ಕಳೆಯಿರಿ. ಉಳಿದದ್ದು ಇಂಚಿನ ನೂರನೇ ಭಾಗದಲ್ಲಿ ಚರೆಯ ಅಡ್ಡಳತೆ. 5ನೇ ನಂಬರ್ ಎಂದರೆ 0.12 ಇಂಚು, ಸುಮಾರು 3 ಮಿಲಿಮೀಟರ್. 9ನೇ ನಂಬರ್ ಎಂದರೆ 0.08 ಇಂಚು, 2 ಮಿಲಿಮೀಟರ್. ಒಂದು ಕೊತ್ತಂಬರಿ ಕಾಳು, ಇನ್ನೊಂದು ಸಾಸಿವೆ ಕಾಳು ಎಂದುಕೊಳ್ಳಿ.

ತಲೆಮಾರುಗಳಿಂದ ಟರ್ಕಿಗೆ ಹೊಡೆದದ್ದು ಸೀಸದ 4, 5, 6ನೇ ನಂಬರುಗಳಲ್ಲೇ. ಸೀಸದ 9ನೇ ನಂಬರಿನಲ್ಲಿ ಟರ್ಕಿಗೆ ಹೊಡೆಯುತ್ತೇನೆ ಎಂದಿದ್ದರೆ ನಕ್ಕುಬಿಡುತ್ತಿದ್ದರು. ಅದು ಗುರಿ ಕಲಿಯುವವರು ಹಾರುವ ಮಣ್ಣಿನ ಬಿಲ್ಲೆ ಒಡೆಯಲು ಬಳಸುವ ಚರೆ. ಇವತ್ತು ಅದೇ 9ನೇ ನಂಬರ್, ಟಂಗ್‌ಸ್ಟನ್‌ನಲ್ಲಿ, ಟರ್ಕಿ ಶಿಕಾರಿಯ ಮೆಚ್ಚಿನ ಚರೆ. ಬದಲಾದದ್ದು ಲೋಹ ಮಾತ್ರ.

ಸಕ್ಕರೆ ಕ್ಯೂಬಿನಂಥ ಒಂದು ಘನ ಸೆಂಟಿಮೀಟರ್ ಜಾಗ ತೆಗೆದುಕೊಳ್ಳಿ. ಅದರಲ್ಲಿ ಉಕ್ಕು ತುಂಬಿದರೆ ಸುಮಾರು 7.8 ಗ್ರಾಂ. ಬಿಸ್ಮತ್ 9.6. ಸೀಸ 11. ಟಂಗ್‌ಸ್ಟನ್ ಸೂಪರ್ ಶಾಟ್, ಅಂದರೆ ಎಲ್ಲರೂ ಟಿಎಸ್‌ಎಸ್ ಎನ್ನುವ ಮಿಶ್ರಲೋಹ, 18 ಗ್ರಾಂ. ಸೀಸವೇ ಭಾರ ಎಂದು ನಾವು ಅಂದುಕೊಂಡಿದ್ದರೆ ಇದು ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಭಾರ ಇದ್ದರೆ ಏನು ಲಾಭ? ಗೋಣಿಚೀಲಕ್ಕೆ ಹೆಬ್ಬೆರಳು ಒತ್ತಿದರೆ ಏನೂ ಆಗುವುದಿಲ್ಲ. ಅದೇ ಬಲದಲ್ಲಿ ದಬ್ಬಣ ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಚರೆಯ ಕಥೆಯೂ ಅಷ್ಟೇ. ಎಷ್ಟು ತೂಕ ಎನ್ನುವುದಕ್ಕಿಂತ, ಆ ತೂಕ ಎಷ್ಟು ಚಿಕ್ಕ ಜಾಗದ ಹಿಂದೆ ನಿಂತಿದೆ ಎನ್ನುವುದು ಮುಖ್ಯ. ಇದನ್ನು ಹೋಲಿಸಲು ದೊಡ್ಡ ಗಣಿತ ಬೇಡ. ಲೋಹದ ಸಾಂದ್ರತೆಯನ್ನು ಚರೆಯ ಅಡ್ಡಳತೆಯಿಂದ ಗುಣಿಸಿದರೆ ಸಾಕು. ಸೀಸದ 5ನೇ ನಂಬರಿಗೆ ಸುಮಾರು 34 ಬರುತ್ತದೆ. ಸೀಸದ 4ಕ್ಕೆ 36. ಟಂಗ್‌ಸ್ಟನ್ 9ಕ್ಕೂ 36ರ ಮೇಲೆ. ಒಂದೇ ವೇಗದಲ್ಲಿ ಬಂದರೆ ಆ ಸಾಸಿವೆ ಕಾಳು ಕೊತ್ತಂಬರಿ ಕಾಳಿನಷ್ಟೇ ಆಳಕ್ಕೆ ಇಳಿಯುತ್ತದೆ. ಉಕ್ಕಿನಲ್ಲಿ ಇದೇ ಅಂಕ ಬೇಕೆಂದರೆ ಬಿಬಿ ಗಾತ್ರಕ್ಕೆ ಹೋಗಬೇಕು. ಅದು ಕರಿಮೆಣಸಿನ ಕಾಳಿನಷ್ಟು, ನಾಲ್ಕೂವರೆ ಮಿಲಿಮೀಟರ್.

ಈಗ ಎಣಿಕೆಗೆ ಬನ್ನಿ. ಒಂದು ಔನ್ಸ್ ಎಂದರೆ 28 ಗ್ರಾಂ ಚಿಲ್ಲರೆ. ಒಂದು ಔನ್ಸಿನಲ್ಲಿ ಸೀಸದ 5ನೇ ನಂಬರ್ ಚರೆ ಸುಮಾರು 170 ಹಿಡಿಯುತ್ತದೆ. ಟಂಗ್‌ಸ್ಟನ್ 9 ಆದರೆ 360. ಉಕ್ಕಿನ ಬಿಬಿ ಆದರೆ ಬರೀ 72. ಎಲ್ಲಕ್ಕಿಂತ ನನಗೆ ಮಜಾ ಅನ್ನಿಸಿದ ಹೋಲಿಕೆ ಇನ್ನೊಂದಿದೆ. 12 ಗೇಜಿನ (ಗೇಜ್ ಎಂದರೆ ನಳಿಗೆಯ ಅಗಲದ ಅಳತೆ) ಮೂರಿಂಚು ತೋಟಾದಲ್ಲಿ ಒಂದೂಮುಕ್ಕಾಲು ಔನ್ಸ್ ಸೀಸದ 5ನೇ ನಂಬರ್ ತುಂಬಿದರೆ ಸುಮಾರು 300 ಚರೆ. ಅದೇ .410 ಎಂಬ ಪುಟ್ಟ ಕೋವಿಯ ತೋಟಾ ನೋಡಿ. ದಪ್ಪದಲ್ಲಿ ಕಿರುಬೆರಳಿನಷ್ಟು. ಅದರಲ್ಲಿ ಹಿಡಿಯುವುದು 13/16 ಔನ್ಸ್, ಒಂದು ಔನ್ಸಿಗೂ ಕಡಿಮೆ. ಟಂಗ್‌ಸ್ಟನ್ 9 ತುಂಬಿದರೆ ಅದರಲ್ಲೂ 290ರ ಆಸುಪಾಸು ಚರೆ! ಮೊದಲೆಲ್ಲ .410 ಎಂದರೆ ಅಳಿಲು, ಮೊಲಕ್ಕೆ ಹೊಡೆಯುವ ಮಕ್ಕಳ ಕೋವಿ. ಅದು ಈಗ ಅಪ್ಪನ 12 ಗೇಜಿನ ಸಮಕ್ಕೆ ನಿಂತಿದೆ.

ಈ ಒಂದು ಬದಲಾವಣೆಯ ಬೆಲೆ ತಿಳಿಯಬೇಕಾದರೆ ಹಿಂದಿನದು ಸ್ವಲ್ಪ ಗೊತ್ತಿರಬೇಕು. 1988ರಲ್ಲಿ ಮಾಸ್‌ಬರ್ಗ್ ಕಂಪನಿ ಮೂರೂವರೆ ಇಂಚು ತೋಟಾ ನುಂಗುವ 12 ಗೇಜ್ ಕೋವಿ ತಂದಿತು. ಮೂಲತಃ ಬಾತುಕೋಳಿಗೆ ಉಕ್ಕಿನ ಚರೆ ಹೊಡೆಯುವವರಿಗಾಗಿ ಬಂದದ್ದು. ಟರ್ಕಿ ಶಿಕಾರಿಯವರು ಅದನ್ನೇ ಎತ್ತಿಕೊಂಡರು. ಎರಡು ಔನ್ಸಿಗೂ ಮೀರಿ ಸೀಸ ತುಂಬಬಹುದಿತ್ತಲ್ಲ. ಹೊಡೆದವನ ಭುಜ ಮಾತ್ರ ಹಣ್ಣುಗಾಯಿ. ಆ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚಿದವರು, ತಲೆ ಎತ್ತಿದವರು, ಗುರಿ ತಪ್ಪಿದವರು ಎಷ್ಟೋ. ಟಂಗ್‌ಸ್ಟನ್ ಮೊದಮೊದಲು ಮನೆಯಲ್ಲೇ ತೋಟಾ ತುಂಬಿಕೊಳ್ಳುವವರ ಗುಟ್ಟಾಗಿತ್ತು. 2018ರಲ್ಲಿ ಫೆಡರಲ್ ಕಂಪನಿ ಅದನ್ನು ಕಾರ್ಖಾನೆಯ ತೋಟಾವಾಗಿ ಮಾರತೊಡಗಿದ ಮೇಲೆ ಊರೆಲ್ಲ ಹಬ್ಬಿತು. ಹಗುರ ಕೋವಿ, ಕಡಿಮೆ ಒದೆತ, ಅಷ್ಟೇ ಪೆಟ್ಟು. ಹನ್ನೆರಡು ವರ್ಷದ ಹುಡುಗಿಯೋ, ಭುಜದ ಆಪರೇಷನ್ ಆದ ಅಜ್ಜನೋ ನಿಶ್ಚಿಂತೆಯಿಂದ ಹೊಡೆಯಬಹುದು. ಟರ್ಕಿಗೆ .410 ಬಳಸಬಾರದು ಎಂದಿದ್ದ ಕೆಲವು ರಾಜ್ಯಗಳು ನಿಯಮ ಬದಲಿಸಿದವು. ಟಂಗ್‌ಸ್ಟನ್‌ಗೆ ಸಾವಿರ ರೂಪಾಯಿ ಕೊಡಲು ನನಗೆ ಕಾಣುವ ಅತಿ ಒಳ್ಳೆಯ ಕಾರಣ ಇದೇ.

ಕೆಟ್ಟ ಕಾರಣ ಇನ್ನೊಂದಿದೆ, ಅದೇ ದೂರ.

ಟರ್ಕಿ ಶಿಕಾರಿಯಲ್ಲಿ ಹಳೆಯ ಗೆರೆ 40 ಗಜ. ನಮ್ಮ ಕಣ್ಣಳತೆಗೆ ಸಿಗುವಂತೆ ಹೇಳುವುದಾದರೆ, ಕ್ರಿಕೆಟ್ ಪಿಚ್ಚು 22 ಗಜ. ಎರಡು ಪಿಚ್ಚಿಗೆ ಸ್ವಲ್ಪ ಕಡಿಮೆ. ಟಂಗ್‌ಸ್ಟನ್ ಬಂದ ಮೇಲೆ 60 ಗಜ, 70 ಗಜಕ್ಕೆ ಹೊಡೆದೆ ಎಂದು ವಿಡಿಯೊ ಹಾಕುವುದು ಶುರುವಾಯಿತು. 70 ಗಜ ಎಂದರೆ ಪಿಚ್ಚಿನ ನಡುವೆ ನಿಂತು ಬೌಂಡರಿ ಗೆರೆಯ ಮೇಲಿನ ನಿಂಬೆಹಣ್ಣಿಗೆ ಹೊಡೆದ ಹಾಗೆ. ಅಷ್ಟು ದೂರದಲ್ಲೂ ಟಂಗ್‌ಸ್ಟನ್ ಚರೆಗೆ ಮೂಳೆ ಒಡೆಯುವ ಶಕ್ತಿ ಉಳಿದಿರಬಹುದು, ಒಪ್ಪೋಣ. ಆದರೆ ಅಲ್ಲಿಗೆ ಹೋಗುವಷ್ಟರಲ್ಲಿ ಚರೆಯ ಗುಂಪು ಚದುರಿರುತ್ತದೆ. ನಡುವೆ ಒಂದು ಬಳ್ಳಿ, ಒಂದು ಒಣಕಡ್ಡಿ ಬಂದರೆ ಮುಗಿಯಿತು. ಹಕ್ಕಿ ಒಂದು ಹೆಜ್ಜೆ ಇಟ್ಟರೂ ಲೆಕ್ಕ ತಪ್ಪಿತು. ಇನ್ನು ಕಾಡಿನಲ್ಲಿ, ಮುಂಜಾವದ ಮಬ್ಬಿನಲ್ಲಿ, 45 ಗಜ ಯಾವುದು, 65 ಗಜ ಯಾವುದು ಎಂದು ಕಣ್ಣಳತೆಯಲ್ಲಿ ಹೇಳುವುದು ನುರಿತವರಿಗೂ ಕಷ್ಟ.

ಅಷ್ಟಕ್ಕೂ ಈ ಶಿಕಾರಿಯ ಸೊಗಸೇ ಹಕ್ಕಿಯನ್ನು ಹತ್ತಿರ ಕರೆಯುವುದರಲ್ಲಿ ಇದೆ, ಅಲ್ವಾ? ಅದು ಬರಲಿಲ್ಲ ಎಂದರೆ ಅವತ್ತು ಹಕ್ಕಿ ಗೆದ್ದಿತು ಅಂತ ಎದ್ದು ಬರುವುದು. ಅಲ್ಲೂ ಈಗ ಹಕ್ಕಿಗಳ ಚಿಂತೆ ಇದೆ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಟರ್ಕಿ ಸಂಖ್ಯೆ ಇಳಿಯುತ್ತಿದೆ. 2022ರಲ್ಲಿ ಜಾರ್ಜಿಯಾ ಒಬ್ಬರಿಗೆ ಮೂರು ಹುಂಜ ಇದ್ದದ್ದನ್ನು ಎರಡಕ್ಕೆ ಇಳಿಸಿತು. ಅಲಬಾಮಾ ಐದರಿಂದ ನಾಲ್ಕಕ್ಕೆ ತಂದಿತು. ಇಂಥ ಹೊತ್ತಿನಲ್ಲಿ ಬೌಂಡರಿಯಾಚೆ ಹೊಡೆದು ಗಾಯ ಮಾಡಿ ಬಿಟ್ಟ ಹಕ್ಕಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಸತ್ತದ್ದು ಮಾತ್ರ ನಿಜ.

ದೂರ ಹೋಗುವ ಚರೆಗೆ ಇನ್ನೊಂದು ಅಪಾಯವೂ ಇದೆ. ಟರ್ಕಿ ಶಿಕಾರಿಯಲ್ಲಿ ಎಲ್ಲರೂ ಎಲೆಬಣ್ಣ ಹೊದ್ದು ಅಡಗಿರುತ್ತಾರೆ, ಎಲ್ಲರೂ ಹೇಂಟೆಯ ಹಾಗೆ ಕೂಗುತ್ತಿರುತ್ತಾರೆ. ಆ ಕೂಗಿಗೆ ಹುಂಜ ಮಾತ್ರವಲ್ಲ, ಇನ್ನೊಬ್ಬ ಶಿಕಾರಿಯವನೂ ಬರಬಹುದು. ವಸಂತದಲ್ಲಿ ಹುಂಜದ ತಲೆ ಕೆಂಪು, ಬಿಳಿ, ನೀಲಿ. ಹಾಗಾಗಿ ಈ ಮೂರು ಬಣ್ಣ ಮೈಮೇಲೆ ಇರಬಾರದು ಎಂದು ಹೊಸಬರಿಗೆ ಮೊದಲ ಪಾಠದಲ್ಲೇ ಹೇಳುತ್ತಾರೆ. ಜೇಬಿನಿಂದ ಇಣುಕುವ ಕೆಂಪು ಕರ್ಚೀಫೂ ಬೇಡ. ಪೆನ್ಸಿಲ್ವೇನಿಯಾದಂಥ ರಾಜ್ಯಗಳು ಸೀಸದ 4ನೇ ನಂಬರಿಗಿಂತ ದಪ್ಪ ಚರೆಯನ್ನು ಟರ್ಕಿಗೆ ಬಳಸಲು ಬಿಡುವುದಿಲ್ಲ. ಚರೆಯ ಗಾತ್ರಕ್ಕೆ ಇಂಥ ಮಿತಿ ಇರುವುದರಿಂದ ಉಕ್ಕಿನ ಬಿಬಿಯ ದಾರಿ ಹಲವು ಕಡೆ ಮುಚ್ಚಿದೆ.

ಹಾಗಾದರೆ ಸೀಸವೇ ಸಾಕಲ್ಲ, ಅಗ್ಗ ಕೂಡ. 35 ಗಜದೊಳಗೆ, ಒಳ್ಳೆಯ ಚೋಕ್ (ಚರೆ ಬೇಗ ಚದುರದಂತೆ ನಳಿಗೆಯ ಬಾಯಿ ಕಿರಿದು ಮಾಡುವ ಭಾಗ) ಇರುವ 12 ಗೇಜಿನಲ್ಲಿ, ಸೀಸ ಸಾಕೇ ಸಾಕು. ಇದನ್ನು ಹೇಳಲು ನನಗೆ ಸಂಕೋಚ ಇಲ್ಲ. ಸೀಸ ಮೆತ್ತಗೆ. ನಳಿಗೆಯಲ್ಲಿ ತಳ್ಳಿಸಿಕೊಂಡು ಹೋಗುವಾಗ ಕೆಲವು ಚರೆ ಚಪ್ಪಟೆಯಾಗಿ ಅಡ್ಡಾದಿಡ್ಡಿ ಹಾರುತ್ತವೆ. ಅದಕ್ಕೇ ತಾಮ್ರದ ಲೇಪ ಇರುವ ಚರೆ ಸ್ವಲ್ಪ ಮೇಲು.

ಸೀಸದ ನಿಜವಾದ ತೊಂದರೆ ಬೇರೆ. ಅದು ವಿಷ. ಕೆರೆತಳದಲ್ಲಿ ಬಿದ್ದ ಚರೆಯನ್ನು ಬಾತುಕೋಳಿಗಳು ಕಲ್ಲಿನ ಹರಳೆಂದು ನುಂಗಿ ಸಾಯುತ್ತವೆ ಎಂದು ಅಮೆರಿಕ 1991ರಲ್ಲೇ ನೀರುಹಕ್ಕಿಗಳ ಶಿಕಾರಿಗೆ ದೇಶದಾದ್ಯಂತ ಸೀಸ ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲಿ ಕಾಂಡರ್ ರಣಹದ್ದುಗಳು ಗುಂಡು ತಿಂದು ಸತ್ತ ಪ್ರಾಣಿಗಳನ್ನು ಮುಕ್ಕಿ ಸೀಸದ ವಿಷಕ್ಕೆ ಬಲಿಯಾದವು. 1987ರ ಹೊತ್ತಿಗೆ ಉಳಿದದ್ದು ಬರೀ 27. ನೋವಿನ ಮದ್ದು ಡೈಕ್ಲೋಫೆನಾಕ್ ಹೊಕ್ಕ ದನದ ಹೆಣ ತಿಂದು ನಮ್ಮ ರಣಹದ್ದುಗಳು ಅಳಿದ ಹಾಗೆಯೇ. ರಾಮನಗರದ ಬೆಟ್ಟ ನೋಡಿದವರಿಗೆ ಆ ಕಥೆ ಗೊತ್ತು. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಯಾವ ಶಿಕಾರಿಗೂ ಸೀಸ ಬಳಸುವಂತಿಲ್ಲ, ಟರ್ಕಿಗೂ ಇಲ್ಲ. ಬಹುಪಾಲು ರಾಜ್ಯಗಳಲ್ಲಿ ಟರ್ಕಿಗೆ ಇನ್ನೂ ಅನುಮತಿ ಇದೆ. ಡೆನ್ಮಾರ್ಕ್ 1996ರಲ್ಲೇ ಸೀಸದ ಚರೆಗೆ ಬಾಗಿಲು ಹಾಕಿತು. ಯುರೋಪಿನ ಒಕ್ಕೂಟ 2023ರ ಫೆಬ್ರುವರಿಯಿಂದ ಜೌಗುಪ್ರದೇಶಗಳಲ್ಲಿ ನಿಲ್ಲಿಸಿತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಹೇಳಬೇಕಿಲ್ಲ.

ಸೀಸ ಬೇಡ ಎಂದರೆ ಉಳಿದದ್ದು ಉಕ್ಕು, ಬಿಸ್ಮತ್, ಟಂಗ್‌ಸ್ಟನ್. ಉಕ್ಕು ಅಗ್ಗ. ಆದರೆ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಉಕ್ಕಿನ 4ನೇ ನಂಬರಿನಲ್ಲಿ ಹೊಡೆಯುವವರು ಹಕ್ಕಿಯನ್ನು 25 ಗಜಕ್ಕೆ ಕರೆಸಿಕೊಳ್ಳುವ ತಾಳ್ಮೆ ಕಲಿಯಬೇಕು. ಹಳೆಯ ಕೋವಿಯ ಬಿಗಿ ಚೋಕಿನಲ್ಲಿ ಉಕ್ಕು ಹೊಡೆಯಬಾರದು, ನಳಿಗೆ ಹಾಳಾಗುತ್ತದೆ. ತಾತನ ಕಾಲದ ಕೋವಿ ಇದ್ದವರಿಗೆ ಬಿಸ್ಮತ್ ಸರಿ. ಸೀಸಕ್ಕಿಂತ ಸ್ವಲ್ಪ ಹಗುರ, ಮೆತ್ತಗೆ, ವಿಷವಲ್ಲ.

ಕಥೆಗೆ ಚೀನಾ ಬರುವುದು ಇಲ್ಲಿ. ಜಗತ್ತಿನ ಟಂಗ್‌ಸ್ಟನ್‌ನಲ್ಲಿ ಹತ್ತಿರ ಹತ್ತಿರ ಶೇ. 80 ಅಲ್ಲಿಂದಲೇ ಬರುತ್ತದೆ. ಅಮೆರಿಕದಲ್ಲಿ 2015ರ ಮೇಲೆ ವಾಣಿಜ್ಯ ಮಟ್ಟದ ಟಂಗ್‌ಸ್ಟನ್ ಗಣಿಯೇ ನಡೆದಿಲ್ಲ. 2025ರ ಫೆಬ್ರುವರಿ 4ರಂದು, ಅಮೆರಿಕದ ಸುಂಕಕ್ಕೆ ಉತ್ತರವಾಗಿ, ಚೀನಾ ಐದು ಲೋಹಗಳ ರಫ್ತಿಗೆ ಲಗಾಮು ಹಾಕಿತು. ಆ ಐದರಲ್ಲಿ ಟಂಗ್‌ಸ್ಟನ್ ಇತ್ತು. ಬಿಸ್ಮತ್ ಕೂಡ ಇತ್ತು! ಸೀಸ ಬಿಟ್ಟವರಿಗೆ ಇದ್ದ ಎರಡು ಒಳ್ಳೆಯ ದಾರಿಗಳಿಗೂ ಒಂದೇ ದಿನ ಗೇಟು ಬಿತ್ತು. ಬಿಸ್ಮತ್ ಬೆಲೆ ಕೆಲವೇ ವಾರಗಳಲ್ಲಿ ಹಲವು ಪಟ್ಟು ಏರಿತು. ಟಂಗ್‌ಸ್ಟನ್ ನಿಧಾನಕ್ಕೆ ಏರುತ್ತಾ ವರ್ಷದ ಕೊನೆಗೆ ದುಪ್ಪಟ್ಟು ದಾಟಿತು. ಡ್ರಿಲ್ಲಿನ ಮೊನೆ, ಲೇತಿನ ಅಲಗು, ಯುದ್ಧಟ್ಯಾಂಕಿನ ಕವಚ ಸೀಳುವ ಗುಂಡು, ಎಲ್ಲಕ್ಕೂ ಬೇಕಾದ ಲೋಹ ಅದು. ಆ ಸಾಲಿನಲ್ಲಿ ಟರ್ಕಿ ಶಿಕಾರಿಯವನು ನಿಂತಿರುವುದು ಬಾಲದಲ್ಲಿ. ಅಂದಹಾಗೆ, ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬಗಳಿವೆಯಲ್ಲ, ಚಿನ್ನ ತೆಗೆದು ಬಿಟ್ಟ ಆ ಮಣ್ಣಿನಲ್ಲೂ ಟಂಗ್‌ಸ್ಟನ್‌ನ ಅದಿರು ಷೀಲೈಟ್ ಇದೆ.

ಬೆಲೆ ಏರಿದ್ದರ ಒಂದು ಅಡ್ಡಪರಿಣಾಮ ಯಾರೂ ಹೆಚ್ಚು ಮಾತಾಡದ್ದು. ತೋಟಾ ದುಬಾರಿಯಾದಷ್ಟೂ ಜನ ಅದನ್ನು ಕಾಗದಕ್ಕೆ ಹೊಡೆದು ನೋಡುವುದನ್ನು ಬಿಡುತ್ತಾರೆ. ಬಾಕ್ಸಿನ ಮೇಲೆ ಏನೇ ಬರೆದಿರಲಿ, ಒಂದೇ ತೋಟಾದ ಚರೆ ಒಂದು ಕೋವಿಯಲ್ಲಿ ಒತ್ತಾಗಿ ಹೋಗುತ್ತದೆ, ಪಕ್ಕದ ಕೋವಿಯಲ್ಲಿ ಚೆಲ್ಲಾಪಿಲ್ಲಿ. ಅದನ್ನು ಹೇಳುವುದು ಕಾಗದ ಮಾತ್ರ. ಅಗಲವಾದ ಕಾಗದಕ್ಕೆ ಟರ್ಕಿ ತಲೆಯ ಚಿತ್ರ ಬರೆದು, ಸುತ್ತ ಹತ್ತು ಇಂಚಿನ ವೃತ್ತ ಎಳೆದು, 40 ಗಜದಿಂದ ಹೊಡೆದು ತೂತು ಎಣಿಸುತ್ತಾರೆ. ವೃತ್ತದೊಳಗೆ ನೂರು ಇದ್ದರೆ ಸರಿ ಎನ್ನುವುದು ಹಳೆಯ ರೂಢಿ. ನೂರಕ್ಕಿಂತ ಕಡಿಮೆ ಬಂದರೆ ಹತ್ತಿರ ಬಂದು ಮತ್ತೆ ಹೊಡೆಯಿರಿ. ಎಲ್ಲಿ ನೂರು ಬರುತ್ತದೋ ಅದೇ ನಿಮ್ಮ ಗೆರೆ. ಚೀನಾದ್ದೂ ಅಲ್ಲ, ಜಾಹೀರಾತಿನದ್ದೂ ಅಲ್ಲ.

ಇದೇ ಕಾಗದವನ್ನು 15 ಗಜಕ್ಕೆ ತಂದು ಹೊಡೆದು ನೋಡಿದರೆ ಇನ್ನೊಂದು ಅಚ್ಚರಿ ಕಾಯುತ್ತಿರುತ್ತದೆ. ಬಿಗಿ ಚೋಕಿನಿಂದ ಹೊರಟ ಟಂಗ್‌ಸ್ಟನ್ ಅಲ್ಲಿ ಇನ್ನೂ ಹರಡಿಯೇ ಇರುವುದಿಲ್ಲ. ಕಾಗದದ ಮೇಲೆ ಮುಷ್ಟಿಯಷ್ಟು ಒಂದೇ ತೂತು, ಅಂಚು ಹರಿದಿರುತ್ತದೆ. ಹುಂಜ ಮಾರುದೂರಕ್ಕೆ ಬಂದಾಗ ಎದೆ ಡವಗುಟ್ಟಿ ಗುರಿ ಎರಡು ಇಂಚು ಸರಿದರೆ ಆ ಮುಷ್ಟಿ ಪೂರ್ತಿ ಪಕ್ಕಕ್ಕೆ ಹೋಗುತ್ತದೆ. ದೂರಕ್ಕೆಂದು ಕೊಂಡ ತೋಟಾ ಹತ್ತಿರದ ಹಕ್ಕಿಗೆ ತಪ್ಪುವುದು ಹೀಗೆ. ಹಾಗಾಗಿಯೇ ಈಗ ಕೋವಿಯ ಮೇಲೆ ಗುರಿ ತೋರಿಸುವ ಕೆಂಪು ಚುಕ್ಕೆಯ ಸೈಟ್ ಕೂರಿಸುವವರು ಜಾಸ್ತಿ. ಬಹಳ ಬಿಗಿ ಅನ್ನಿಸಿದರೆ ಸ್ವಲ್ಪ ಸಡಿಲ ಚೋಕ್ ಹಾಕಿ ನೋಡುವುದು ಇನ್ನೂ ಅಗ್ಗದ ಉಪಾಯ.

ಖರ್ಚು ಉಳಿಸಲು, ಸೈಟನ್ನು ಗುರಿಗೆ ಹೊಂದಿಸುವಾಗಿನ ಮೊದಲ ಹೊಡೆತಗಳನ್ನು ಅಗ್ಗದ ಸೀಸದ ತೋಟಾದಲ್ಲಿ ಮುಗಿಸಿ, ಕೊನೆಗೆ ಮಾತ್ರ ಟಂಗ್‌ಸ್ಟನ್ ಹಾಕಿ ಖಚಿತ ಮಾಡಿಕೊಳ್ಳಬಹುದು. 40 ಗಜಕ್ಕೆ ಒಂದು, 30ಕ್ಕೆ ಒಂದು, 15ಕ್ಕೆ ಒಂದು. ಜಾರ್ಜಿಯಾದಲ್ಲಿ ಒಬ್ಬರಿಗೆ ವರ್ಷಕ್ಕೆ ಎರಡೇ ಹುಂಜ. ಎರಡೂ ಸಿಕ್ಕವು ಅಂತಲೇ ಇಟ್ಟುಕೊಳ್ಳಿ. ಕಾಗದಕ್ಕೆ ಮೂರು, ಹಕ್ಕಿಗೆ ಎರಡು. ಬಾಕ್ಸಿನಲ್ಲಿ ಇರುವುದೂ ಐದೇ.